ಅಸಂಬದ್ಧ ಪದ್ಯಕ್ಕೆ ಸಾರಾಂಶ ಕೇಳಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮಕ್ಕಳ ಪುರವಣಿಗಳಲ್ಲಿ ಆಗೀಗ ಅಸಂಬದ್ಧ ಪದ್ಯಗಳು (ಅರ್ಥದ ಹಂಗಿಲ್ಲದೆ ಸದ್ದು, ತಾಳಗಳಲ್ಲಿ ಆಡುವ ‘ನಾನ್‌ಸೆನ್ಸ್’ ಪದ್ಯಗಳು) ಕಾಣಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಹಲವನ್ನು ಓದಿದರೆ ‘ಅರ್ಥ ಬೇಡವಲ್ಲ, ಏನು ಬರೆದರೂ ನಡೆದೀತು’ ಎಂಬ ಧೋರಣೆ ಎದ್ದು ಕಾಣುತ್ತದೆ. ಇನ್ನು ಕೆಲವಕ್ಕೆ ಕೊನೆಯಲ್ಲಿ ನೀತಿಯ ಸಾಲೊಂದನ್ನು ಅಂಟಿಸಿರುತ್ತಾರೆ. ಎರಡರಿಂದಲೂ ಪದ್ಯ ಕೆಡುತ್ತದೆ.

ಮೊದಲು ಒಂದು ಗೊಂದಲ ನಿವಾರಣೆಯಾಗಬೇಕು. ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತ’ ಪದವನ್ನು ಅಸಂಬದ್ಧ ಪದ್ಯದ ಮಾದರಿಯೆಂದು ಹೇಳುವುದುಂಟು. ಅದು ತತ್ವಪದ, ನುಂಗುತ್ತ ನುಂಗುತ್ತ ಕೊನೆಗೆ ಗುರುವಿನ ಪಾದಕ್ಕೆ ಬಂದು ನಿಲ್ಲುತ್ತದೆ. ಅಲ್ಲಮನ ಬೆಡಗಿನ ವಚನಕ್ಕೂ ಒಳಗೊಂದು ಕೀಲಿ ಇದೆ, ಒಗಟಿಗೆ ಉತ್ತರವಿದೆ. ಅಸಂಬದ್ಧ ಪದ್ಯಕ್ಕೆ ಅಂಥ ಕೀಲಿ ಇಲ್ಲ. ಅದರ ಹತ್ತಿರದ ಸಂಬಂಧಿ ಎಂದರೆ ಆಟದಲ್ಲಿ ಬೆರಳೆಣಿಸುವ ‘ಅವಲಕ್ಕಿ ಪವಲಕ್ಕಿ’. ‘ಪವಲಕ್ಕಿ’ ಏನೆಂದು ಯಾವ ಮಗುವೂ ಕೇಳುವುದಿಲ್ಲ, ತಾಳ ತಪ್ಪಿದರೆ ಮಾತ್ರ ಜಗಳಕ್ಕೆ ನಿಲ್ಲುತ್ತದೆ.

ಹಾಗಾಗಿ ಅರ್ಥವನ್ನು ಬಿಟ್ಟವರು ಮಾತ್ರೆಯನ್ನು, ಅಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆಯನ್ನು, ಇನ್ನಷ್ಟು ಗಟ್ಟಿಯಾಗಿ ಹಿಡಿಯಬೇಕು. ಈ ನಾಲ್ಕು ಸಾಲು ನೋಡಿ:

ಇಳಕಲ್ ಸೀರೆಯ ಉಟ್ಟಿತು ಕತ್ತೆ
ಬದನೆಯ ಬಂಡಿಯ ಹತ್ತಿತು ಮತ್ತೆ
ಗಿತ್ತೆಯು ಹಿಂದಿನ ಗಾಲಿಯ ನೂಕಿ
ಸುಂಕಕೆ ಕೊಟ್ಟಿತು ಮೂರೇ ಬಾಕಿ

ಪ್ರತಿ ಸಾಲಿನಲ್ಲೂ ನಾಲ್ಕು ಮಾತ್ರೆಯ ಮೂರು ಗಣ (ಗುಂಪು), ಕೊನೆಗೆ ಮೂರು ಮಾತ್ರೆ, ಒಂದು ಮಾತ್ರೆಯಷ್ಟು ಬಿಡುವು. ‘ಉಟ್ಟಿತು’ ಇದ್ದಲ್ಲಿ ‘ಉಟ್ಟುಕೊಂಡಿತು’ ಎಂದು ಹಾಕಿ ಓದಿ. ಅರ್ಥ ಅದೇ, ಆದರೆ ನಾಲ್ಕು ಮಾತ್ರೆ ಏಳಾಗಿ ಸಾಲು ಎಡವುತ್ತದೆ. ಅರ್ಥವಿರುವ ಪದ್ಯದಲ್ಲಾದರೆ ಓದುಗ ಇಂಥದ್ದನ್ನು ದಾಟಿ ಮುಂದೆ ಹೋಗಬಹುದು. ಇಲ್ಲಿ ಹಿಡಿದುಕೊಳ್ಳಲು ಬೇರೇನೂ ಇಲ್ಲ. ಬರೆದದ್ದನ್ನು ಚಪ್ಪಾಳೆ ತಟ್ಟುತ್ತ ಗಟ್ಟಿಯಾಗಿ ಓದಿದರೆ ತಪ್ಪು ತಾನೇ ಸಿಕ್ಕುತ್ತದೆ.

ಇನ್ನು ‘ಗಿತ್ತೆ’. ರೊಟ್ಟಿ ಗಿಟ್ಟಿ, ಊಟ ಗೀಟ ಎಂದು ದಿನವೂ ಆಡುತ್ತೇವೆ. ಆ ‘ಗಿ’ಕಾರದ ಜೋಡಿಪದವನ್ನು ಬಿಡಿಸಿ ಒಂದು ಜೀವವಾಗಿ ನಿಲ್ಲಿಸಿದರೆ ಪಾತ್ರ ಸಿದ್ಧ. ಇಷ್ಟು ಸುಲಭವಾದ, ಇಷ್ಟು ನಮ್ಮದಾದ ಉಪಾಯವನ್ನು ನಮ್ಮ ಬರಹಗಾರರು ಏಕೆ ಬಳಸುತ್ತಿಲ್ಲವೋ! ಬಂಗಾಳಿಯ ಮಕ್ಕಳ ಕವಿ ಸುಕುಮಾರ ರಾಯ್ ಬಾತುಕೋಳಿ ಮತ್ತು ಮುಳ್ಳುಹಂದಿಯ ಬಂಗಾಳಿ ಹೆಸರುಗಳನ್ನು ಬೆಸೆದು ‘ಹಾಂಸಜಾರು’ ಎಂಬ ಪ್ರಾಣಿ ಮಾಡಿದರು. ಕನ್ನಡದಲ್ಲೂ ಇದು ಸಾಧ್ಯ: ಮೊಸಳೆ, ಅಳಿಲು ಸೇರಿದರೆ ‘ಮೊಸಳಿಲು’. ಎರಡರಲ್ಲೂ ‘ಅಳ್’ ಎಂಬ ಧ್ವನಿ ಇರುವುದರಿಂದ ಬೆಸುಗೆ ನಿಲ್ಲುತ್ತದೆ. ಆನೆ, ಕುದುರೆ ಸೇರಿಸಿ ‘ಆನೆದುರೆ’ ಎಂದರೆ ನಿಲ್ಲದು, ಬೆಸೆಯುವ ಜಾಗದಲ್ಲಿ ಎರಡಕ್ಕೂ ಸಮಾನವಾದ ಧ್ವನಿಯಿಲ್ಲ.

ಹೊಸ ಪದ ಕಟ್ಟುವಾಗ ಅದು ಸ್ವರದಿಂದ ಮುಗಿಯಲಿ. ‘ಣ’, ‘ಳ’ಗಳಿಂದ ಶುರುವಾಗದಿರಲಿ. ‘ಜುಂಬಳ’ ಕನ್ನಡದ್ದೆನಿಸುತ್ತದೆ, ‘ಳಂಬುಜ್’ ಅನಿಸದು. ವಿಭಕ್ತಿ, ಕ್ರಿಯಾಪದ ನಿಜದವೇ ಇರಬೇಕು: ‘ಜುಂಬಳ ರೊಟ್ಟಿಯ ತಿಂದಿತು’ ಎಂದರೆ ಮಗುವಿನ ಕಣ್ಣಿಗೆ ಏನೋ ಒಂದು ಕಾಣುತ್ತದೆ. ತಿಂದವನೂ ತಿಂದದ್ದೂ ತಿನ್ನುವ ಕ್ರಿಯೆಯೂ ಕಲ್ಪಿತವಾದರೆ ಬರೀ ಸದ್ದು ಉಳಿಯುತ್ತದೆ. ನಾಲ್ಕು ಸಾಲಿಗೆ ಒಂದೋ ಎರಡೋ ಹೊಸ ಪದ ಸಾಕು.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷ ಬೇರೆಯೇ. ‘ಕತ್ತೆಯು ಹಾರಿತು, ಬೆಟ್ಟವು ನಕ್ಕಿತು, ಮೀನು ಪೇಪರ್ ಓದಿತು’ ಎಂದು ಸಾಲಿಗೊಂದು ವಿಚಿತ್ರ ಪೇರಿಸುವುದು. ‘ಮೀನು’ ಮೂರೇ ಮಾತ್ರೆ, ಅಲ್ಲಿ ನಡೆ ಮುರಿಯಿತು. ‘ಮೀನವು’ ಎಂದರೆ ಅದು ಸರಿಹೋದೀತು. ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಅಚ್ಚರಿ ಕಳೆಯುವಷ್ಟರಲ್ಲಿ ನಾಲ್ಕನೆಯದು ಅಚ್ಚರಿಯಾಗಿ ಉಳಿಯುವುದಿಲ್ಲ. ಅದರ ಬದಲು ಒಂದು ಅಸಂಬದ್ಧವನ್ನು ಒಪ್ಪಿಕೊಂಡು, ಮುಂದಿನದೆಲ್ಲ ಅದರಿಂದಲೇ ಹೊರಡುವಂತೆ ಮಾಡಬೇಕು. ಕತ್ತೆ ಸೀರೆ ಉಟ್ಟ ಮೇಲೆ ಬಂಡಿ ಹತ್ತಿತು, ಬಂಡಿ ಇದ್ದಮೇಲೆ ನೂಕುವವರು ಬೇಕು, ದಾರಿಯಲ್ಲಿ ಸುಂಕದ ಕಟ್ಟೆ ಬಂತು, ಸುಂಕಕ್ಕೆ ಬಾಕಿಯನ್ನೇ ಕೊಟ್ಟಾಯಿತು.

ಇಂಗ್ಲೆಂಡಿನ ಎಡ್ವರ್ಡ್ ಲಿಯರ್ 1846ರಲ್ಲಿ ಇಂಥ ಪದ್ಯಗಳ ಪುಸ್ತಕ ತಂದಾಗ ಜೊತೆಗೆ ತಾನೇ ಬರೆದ ಚಿತ್ರಗಳಿದ್ದವು, ನೀತಿ ಇರಲಿಲ್ಲ. ನಿಮ್ಮ ಪುರವಣಿಯೂ ಹಾಗೆಯೇ ಮಾಡಲಿ. ಪದ್ಯದ ಕೆಳಗೆ ‘ಈ ಪದ್ಯದಿಂದ ನೀವೇನು ಕಲಿತಿರಿ?’ ಎಂಬ ಪ್ರಶ್ನೆಯನ್ನು ತೆಗೆದು, ಆ ಜಾಗದಲ್ಲಿ ‘ಇದೇ ಮಾತ್ರೆಯಲ್ಲಿ ಮುಂದಿನ ಎರಡು ಸಾಲು ಬರೆದು ಕಳಿಸಿ’ ಎಂದು ಮಕ್ಕಳನ್ನು ಕೇಳಬೇಕೆಂದು ವಿನಂತಿ.

– ಕನ್ನಡ ಶಿಕ್ಷಕರು, ಬಾಗಲಕೋಟೆ