ನಗಬೇಡ ಎಂದವನು ನಾನೇ

ಪ್ರೀತಿಯ ಗೆಳೆಯಾ,

ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಈ ಬಾರಿ ನಾಲ್ಕು ಜನ ಓದುವ ಕಡೆಯೇ ಬರೆಯುತ್ತಿದ್ದೇನೆ, ಏಕೆಂದರೆ ನಿನಗೆ ಹೇಳಬೇಕಾದ ಮಾತು ಬಹುಮಾನ ಬಂದ ನನ್ನ ಆ ಫೋಟೊವನ್ನು ಮೆಚ್ಚಿದ ಇತರರಿಗೂ ತಲುಪಬೇಕಾಗಿದೆ.

ಹದಿನೈದು ದಿನಗಳಿಂದ ಎರಡು ಛಾಯಾಚಿತ್ರಮಾಲಿಕೆಗಳನ್ನು ನೋಡುತ್ತಿದ್ದೇನೆ. ಒಂದು, ಸ್ವೀಡನ್ನಿನ ಛಾಯಾಗ್ರಾಹಕ ಮ್ಯಾಗ್ನಸ್ ವೆನ್‌ಮನ್ 2015ರಲ್ಲಿ ತೆಗೆದದ್ದು. ಸಿರಿಯಾದ ಯುದ್ಧದಿಂದ ಪಾರಾಗಿ ಬಂದ ಮಕ್ಕಳು ಎಲ್ಲೆಲ್ಲಿ ಮಲಗುತ್ತಾರೆ ಎಂಬುದಷ್ಟೇ ಅದರ ವಸ್ತು. ಲೆಬನಾನಿನಲ್ಲಿ ಆಶ್ರಯ ಪಡೆದ ಐದು ವರ್ಷದ ಒಬ್ಬಳಿಗೆ ದಿಂಬಿಗೆ ತಲೆಯಿಡುವುದೆಂದರೆ ಭಯ, ಏಕೆಂದರೆ ಅವಳ ಊರಾದ ಅಲೆಪ್ಪೊದಲ್ಲಿ ದಾಳಿಗಳು ನಡೆದದ್ದು ರಾತ್ರಿಯ ಹೊತ್ತು. ಆ ಭಯ ಹೋಗಲೆಂದು ಅವಳ ತಾಯಿ ಹಗಲಿನಲ್ಲಿ ಅದೇ ದಿಂಬುಗಳಿಂದ ಪುಟ್ಟ ಮನೆ ಕಟ್ಟಿಕೊಡುತ್ತಾಳಂತೆ. ಈ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೆಯದು. ಮೆರೆಡಿತ್ ಹಚಿಸನ್ ಎಂಬ ಛಾಯಾಗ್ರಾಹಕಿ ನಿರಾಶ್ರಿತರಿಗೆ ನೆರವಾಗುವ ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿಯೊಂದಿಗೆ ಸೇರಿ, ಮೊದಲು ಕಾಂಗೋದಲ್ಲಿ, ಆಮೇಲೆ ಜೋರ್ಡನ್‌ನಲ್ಲಿ ನೆಲೆಸಿದ್ದ ಸಿರಿಯಾದ ಹುಡುಗಿಯರ ನಡುವೆ ಮಾಡಿದ ಕೆಲಸ ಅದು. ಹೆಸರು ‘ವಿಷನ್ ನಾಟ್ ವಿಕ್ಟಿಮ್’, ಅಂದರೆ ‘ಬಲಿಪಶುವಲ್ಲ, ಕನಸು’. ಅಲ್ಲಿ ಕ್ಯಾಮೆರಾ ಕೊನೆಗೆ ಬರುತ್ತದೆ. ಮುಂದೆ ತಾನು ಏನಾಗಬೇಕು ಎಂಬುದನ್ನು ಮೊದಲು ಹುಡುಗಿ ಕಾಗದದ ಮೇಲೆ ಚಿತ್ರ ಬಿಡಿಸಿ ತೋರಿಸುತ್ತಾಳೆ, ಆ ಕಸುಬಿನಲ್ಲಿರುವ ಹೆಂಗಸೊಬ್ಬರನ್ನು ಭೇಟಿಯಾಗುತ್ತಾಳೆ, ಯಾವ ಉಡುಪಿನಲ್ಲಿ, ಎಲ್ಲಿ, ಹೇಗೆ ನಿಲ್ಲಬೇಕೆಂದು ತಾನೇ ತೀರ್ಮಾನಿಸುತ್ತಾಳೆ. ಹೀಗೆ ಚಿತ್ರಗಳಲ್ಲಿ ಒಬ್ಬಳು ಶಸ್ತ್ರಚಿಕಿತ್ಸಕಿಯಾಗಿದ್ದಾಳೆ, ಒಬ್ಬಳು ಗಗನಯಾತ್ರಿ, ಒಬ್ಬಳು ಪೊಲೀಸ್. ಹತ್ತು ವರ್ಷದವಳೊಬ್ಬಳು ಪೈಲಟ್. ಹುಡುಗಿಯರು ಪೈಲಟ್ ಆಗುವುದಕ್ಕಾಗದು ಎಂದು ಅವಳ ಅಣ್ಣ ಹೇಳುತ್ತಿದ್ದನಂತೆ. ಚಿತ್ರದ ಕೆಳಗಿನ ಮಾತಿನಲ್ಲಿ ಅವಳು ‘ಆಗುತ್ತೇನೆ’ ಎನ್ನುವುದಿಲ್ಲ. ಓದು ಮುಗಿಸಿದೆ, ವಿಮಾನ ಹಾರಿಸಲು ಕಲಿತೆ, ಈಗ ಜನರನ್ನು ಹೊಸ ಊರುಗಳಿಗೆ ಕರೆದೊಯ್ಯುತ್ತಿದ್ದೇನೆ ಎನ್ನುತ್ತಾಳೆ. ಎಲ್ಲವೂ ನಡೆದುಹೋಗಿದೆ ಎಂಬಂತೆ. ಯುನಿಸೆಫ್ ಪ್ರಕಾರ 2013ರಲ್ಲಿ ಜೋರ್ಡನ್‌ನಲ್ಲಿ ನೋಂದಣಿಯಾದ ಸಿರಿಯಾ ನಿರಾಶ್ರಿತರ ಮದುವೆಗಳ ಪೈಕಿ ಕಾಲುಭಾಗ ಹದಿನೆಂಟು ತುಂಬದ ಹುಡುಗಿಯರವು ಎಂಬುದನ್ನು ನೆನೆದರೆ, ಆ ಭೂತಕಾಲದ ಕ್ರಿಯಾಪದಗಳಲ್ಲಿ ಎಷ್ಟು ಹಟವಿದೆ ಎಂಬುದು ತಿಳಿಯುತ್ತದೆ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. 2018ರ ಆಗಸ್ಟ್. ಕೊಡಗಿನಲ್ಲಿ ಗುಡ್ಡಗಳು ಜಾರಿದ ವಾರ. ಮಡಿಕೇರಿಯ ಶಾಲೆಯೊಂದರಲ್ಲಿದ್ದ ಪರಿಹಾರ ಕೇಂದ್ರದಲ್ಲಿ ನೀನು ಅಕ್ಕಿ ಮೂಟೆ ಇಳಿಸಿ ಬಂದು ನನ್ನ ಕ್ಯಾಮೆರಾದ ಮೇಲೆ ಕೊಡೆ ಹಿಡಿದಿದ್ದೆ. ಕಿಟಕಿಯ ಬಳಿ ಒದ್ದೆ ಪಠ್ಯಪುಸ್ತಕಗಳನ್ನು ಹರವಿಕೊಂಡು ಕುಳಿತಿದ್ದ ಹುಡುಗಿಯ ಚಿತ್ರ ನಿನಗೆ ನೆನಪಿರಲೇಬೇಕು, ಅದು ನಮ್ಮ ಮನೆಯ ಗೋಡೆಯ ಮೇಲಿದೆ. ಬಹುಮಾನ ಬಂದ ದಿನ ನೀನೇ ಮೊದಲು ಫೋನ್ ಮಾಡಿದ್ದೆ. ಆದರೆ ಕೊಡೆಯ ಕೆಳಗಿನಿಂದ ನಾನು ಅವಳಿಗೆ ಹೇಳಿದ್ದು ನಿನಗೆ ಕೇಳಿಸಿತ್ತೋ ಇಲ್ಲವೋ ಎಂದು ಈ ಏಳೆಂಟು ದಿನಗಳಿಂದ ಯೋಚಿಸುತ್ತಿದ್ದೇನೆ. ಅವಳು ಕ್ಯಾಮೆರಾ ನೋಡಿ ನಕ್ಕಿದ್ದಳು. ‘ನಗಬೇಡ ಪುಟ್ಟಿ, ಆ ಕಡೆ ನೋಡು’ ಎಂದೆ. ಅವಳು ತಕ್ಷಣ ನಗು ನಿಲ್ಲಿಸಿದಳು, ನಾನು ಹೇಳಿದ ಕಡೆ ನೋಡಿದಳು. ಮನೆ ಕಳೆದುಕೊಂಡ ಮಗುವಿನ ಮುಖದಲ್ಲಿ ಉಳಿದಿದ್ದ ನಗುವನ್ನು ನಾನು ತೆಗೆಸಿದೆ. ಜನ ಹೊಗಳಿದ ಆ ದುಃಖ ನಾನು ಹೇಳಿ ಮಾಡಿಸಿದ್ದು. ಅವಳ ಹೆಸರನ್ನು ಕೇಳಲಿಲ್ಲ. ಮುಂದೆ ಏನಾಗಬೇಕು ಎಂದೂ ಕೇಳಲಿಲ್ಲ. ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳು, ಯಾವ ಬಟ್ಟೆ ತೊಟ್ಟು ಎಲ್ಲಿ ನಿಲ್ಲುತ್ತಿದ್ದಳು ಎಂಬುದು ನನಗೆ ಎಂದಿಗೂ ತಿಳಿಯದೆ ಹೋಗಬಹುದು.

ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ಚಿತ್ರಗಳ ಬಗ್ಗೆ ನಾಲ್ಕು ಸಾಲು ಬರೆದು ನಿನ್ನ ತೋಟದ ಸುದ್ದಿ ಕೇಳುವುದಿತ್ತು.

ನಿನ್ನೆ ಹಳೆಯ ಮೆಮೊರಿ ಕಾರ್ಡ್ ಹುಡುಕಿದೆ. ಬಹುಮಾನದ ಚಿತ್ರಕ್ಕಿಂತ ಮುಂಚಿನ ಚಿತ್ರ ಅದರಲ್ಲೇ ಇದೆ. ತುಸು ಅಲುಗಾಡಿದೆ, ಮೂಲೆಯಲ್ಲಿ ನಿನ್ನ ಕೊಡೆಯ ಕಡ್ಡಿ ಬಂದಿದೆ, ಅವಳು ಮುಂದಿನ ಎರಡು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಾಳೆ. ಅದನ್ನು ದೊಡ್ಡದಾಗಿ ಮುದ್ರಿಸಲು ಕೊಟ್ಟಿದ್ದೇನೆ. ಕಾಫಿ ಹೂ ಬಿಡುವ ಹೊತ್ತಿಗೆ ಅದನ್ನು ಹಿಡಿದುಕೊಂಡು ಬರುತ್ತೇನೆ. ಆ ಶಾಲೆಯ ಸುತ್ತಮುತ್ತ ನಿನಗೆ ಪರಿಚಯದವರಿದ್ದಾರಲ್ಲ, ವಿಚಾರಿಸೋಣ. ಸಿಕ್ಕರೆ ಚಿತ್ರ ಅವಳದು.

ಅಮ್ಮನಿಗೆ ನಮಸ್ಕಾರ ತಿಳಿಸು. ಅಕ್ಕಿತರಿಯ ಉಂಡೆ ಕಡಂಬುಟ್ಟು ಮಾಡಿಸಿಡು, ಏಳನೆಯ ಉಂಡೆ ಯಾರದು ಎಂಬ ನಮ್ಮ ಹಳೆಯ ಲೆಕ್ಕ ಇನ್ನೂ ಬಾಕಿ ಇದೆ.

ನಿನ್ನವನೇ