ಮಷೀನು ಕೊಡುವ ಮೊದಲು ಕರೆಂಟ್ ಯಾವಾಗ ಬರುತ್ತದೆ ಅಂತ ಕೇಳಿ

ಮಾನ್ಯ ಸಂಪಾದಕರೇ,

ಜಿಲ್ಲಾ ಪುಟದಲ್ಲಿ ಆಗಾಗ ಒಂದು ಫೋಟೊ ಬರುತ್ತದೆ. ರಿಬ್ಬನ್ ಕಟ್ಟಿದ ಮಷೀನು, ಸುತ್ತ ಸಂಘದ ಹೆಣ್ಣುಮಕ್ಕಳು, ನಡುವೆ ಶಾಲು ಹೊದ್ದ ಗಣ್ಯರು. ವರ್ಷ ಕಳೆದ ಮೇಲೆ ಆ ಮಷೀನು ಏನಾಯ್ತು ಅನ್ನುವ ಫೋಟೊ ನಾನು ನೋಡಿಲ್ಲ. ನಮ್ಮ ಹಾಳೆ ತಟ್ಟೆ ಒತ್ತುವ ಮಷೀನು ಏನಾಯ್ತು ಅಂತ ಹೇಳುತ್ತೇನೆ.

ನಮ್ಮದು ಗುಬ್ಬಿ ತಾಲ್ಲೂಕು. ಸುತ್ತ ಅಡಿಕೆ ತೋಟ, ಬೇಸಿಗೆಯಲ್ಲಿ ಹಾಳೆಗೆ, ಅಂದರೆ ಅಡಿಕೆ ಗರಿಯ ಬುಡದ ಅಗಲ ಪಟ್ಟೆಗೆ, ಬರ ಇಲ್ಲ. 2022ರ ಜುಲೈನಿಂದ ಒಂದೇ ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ ದೇಶದಲ್ಲೆಲ್ಲ ಬಂದ್ ಅಂದಾಗ ಹಾಳೆ ತಟ್ಟೆಗೆ ಕಾಲ ಬಂತು ಅಂದುಕೊಂಡು ಪಿಎಂಇಜಿಪಿಯಲ್ಲಿ (ಸ್ವಂತ ಉದ್ಯೋಗಕ್ಕೆ ಕೇಂದ್ರ ಸರ್ಕಾರದ ಸಬ್ಸಿಡಿ ಸಾಲದ ಯೋಜನೆ) ಸಾಲ ತೆಗೆದೆ. ಹಳ್ಳಿ ಹೆಣ್ಣುಮಕ್ಕಳಿಗೆ ಶೇ 35ರಷ್ಟು ಸಬ್ಸಿಡಿ ಇದೆ. (ಅದು ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಡೆಪಾಸಿಟ್ ಆಗಿ ಕೂತಿರುತ್ತದೆ, ನಾವು ಕಂತು ಕಟ್ಟುತ್ತಲೇ ಇರಬೇಕು.)

ಮಷೀನು ಮಾರಿದವರು "ಕರೆಂಟ್ ಇದೆಯಾ ಅಕ್ಕ?" ಅಂದರು. ಇದೆ ಅಂದೆ. ಅಷ್ಟೇ ಮಾತು. ಬಂದದ್ದು ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲಿ ಓಡದ, ತ್ರೀ ಫೇಸ್ ಮೋಟರಿನ ಹೈಡ್ರಾಲಿಕ್ ಮಷೀನು. ನಮ್ಮ ಶೆಡ್ಡು ಇರುವುದು ತೋಟದಲ್ಲಿ, ಪಂಪ್‌ಸೆಟ್ ಲೈನಿನಲ್ಲಿ. ಅಲ್ಲಿ ತ್ರೀ ಫೇಸ್ ದಿನಕ್ಕೆ ಏಳು ಗಂಟೆ, ಅದರಲ್ಲೂ ಒಂದು ಪಾಲು ರಾತ್ರಿ. ಹಾಳೆಯನ್ನು ತೊಳೆದು, ನೆನೆಸಿ, ಮೆತ್ತಗಾದ ಮೇಲೆ ಬಿಸಿ ಡೈಗೆ (ತಟ್ಟೆಯ ಅಚ್ಚಿಗೆ) ಕೊಡಬೇಕು. ನೆನೆಸಿಟ್ಟ ಮೇಲೆ ಕರೆಂಟ್ ಹೋಯಿತೋ, ಮಾರನೇ ದಿನಕ್ಕೆ ಲೋಳೆ, ವಾಸನೆ. ಡೈ ಸರಿಯಾಗಿ ಕಾಯದಿದ್ದರೆ ತಟ್ಟೆಯ ಅಂಚು ನಿಲ್ಲುವುದಿಲ್ಲ, ಎರಡು ದಿನದಲ್ಲಿ ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಜಾಸ್ತಿ ಕಾದರೆ ಕಪ್ಪು ಕಲೆ. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ತೋಟಕ್ಕೆ ಹೋಗಿ ತಟ್ಟೆ ಒತ್ತಲಿಕ್ಕೆ ಆಗುತ್ತಾ? ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇರುವ ಜಿಲ್ಲೆ ನಮ್ಮದು, ಹೇಳಿಕೊಳ್ಳೋಕೆ ಚೆನ್ನಾಗಿದೆ.

ಆಮೇಲೆ ಡೈಯ ಕಾವು ಹದದಲ್ಲಿಡುವ ಥರ್ಮೋಸ್ಟ್ಯಾಟ್ ಕೆಟ್ಟಿತು. ಮೆಕ್ಯಾನಿಕ್ ಬೇರೆ ಜಿಲ್ಲೆಯಿಂದ ಬರಬೇಕು. ನಾಳೆ, ನಾಡಿದ್ದು ಅನ್ನುತ್ತಲೇ ಮದುವೆ ಸೀಸನ್ ಮುಗಿಯಿತು. ಈಗ ಒತ್ತುತ್ತಿರುವುದು ಸೆಕೆಂಡ್ ಹ್ಯಾಂಡಲ್ಲಿ ತಂದ, ಕಾಲಲ್ಲಿ ತುಳಿಯುವ ಮಷೀನಿನಲ್ಲಿ. ಡೈ ಕಾಯಿಸಲು ಗ್ಯಾಸ್. ನಿಧಾನ, ಮಂಡಿ ನೋವು, ಎಲ್ಲ ನಿಜ. ಆದರೆ ಪೆಡಲ್ ಮುರಿದರೆ ಪೇಟೆಯ ವೆಲ್ಡಿಂಗ್ ಅಂಗಡಿಯವನು ಅರ್ಧ ಗಂಟೆಯಲ್ಲಿ ಸರಿ ಮಾಡಿಕೊಡುತ್ತಾನೆ.

ನನ್ನ ತವರು ಕುಣಿಗಲ್ ಕಡೆ. ಅಲ್ಲಿ ಉಂಗ್ರ ಅನ್ನುವ ಹಳ್ಳಿಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನವರ (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ) ಅಸ್ತ್ರ ಕೇಂದ್ರ ಇತ್ತು, ಹಳ್ಳಿಗೆ ಹೊಂದುವ ತಂತ್ರಜ್ಞಾನ ಮಾಡುವುದು ಅದರ ಕೆಲಸ. 1974ರಲ್ಲಿ ಅಲ್ಲಿನ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಶುರು ಮಾಡಿದ ಕೆಲಸ ಅದು. ಅಮ್ಮನ ಅಡುಗೆಮನೆಯಲ್ಲೂ ಮೂರು ಪಾತ್ರೆಯ ಅಸ್ತ್ರ ಒಲೆ ಇತ್ತು. ಸೌದೆ ಕಡಿಮೆ, ಹೊಗೆ ಕೊಳವೆಯಲ್ಲಿ ಹೊರಗೆ. ಆದರೆ ಅದನ್ನು ಅಳತೆ ಹಿಡಿದು ಕಟ್ಟಲು ಬರುತ್ತಿದ್ದ ಗಾರೆಯವನು ಊರು ಬಿಟ್ಟ. ಒಲೆಯ ಬಾಯಿ ಒಡೆದಾಗ ಅಮ್ಮ ತಾನೇ ಮಣ್ಣು ಮೆತ್ತಿ ಅಗಲ ಮಾಡಿದಳು, ಹೊಗೆ ಮತ್ತೆ ಒಳಗೇ ಬಂತು.

ಅದೇ ತಾಲ್ಲೂಕಿನ ಪುರ ಅನ್ನುವ ಹಳ್ಳಿಯಲ್ಲಿ ಅದೇ ಅಸ್ತ್ರದವರು ಮೊದಲು ಮನೆಮನೆಗೆ ಅಡುಗೆಗೆ ಗೋಬರ್ ಗ್ಯಾಸ್ ಕೊಡಲು ಹೋದರು. ಎಲ್ಲರಿಗೂ ಸಾಲುವಷ್ಟು ಗ್ಯಾಸ್ ಬರಲಿಲ್ಲ. ಊರಿಗೆ ಬೇಕಿದ್ದದ್ದು ಕುಡಿಯುವ ನೀರು. 1987ರಲ್ಲಿ ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ದುಡ್ಡು, ಗ್ಯಾಸ್ ತೆಗೆದ ಬಗ್ಗಡ ಗೊಬ್ಬರಕ್ಕೆ ವಾಪಸ್. ದಿನಾ ನಡೆಸುತ್ತಿದ್ದವರು ಊರಿನ ಇಬ್ಬರು ಹುಡುಗರೇ. ಇಂಥದ್ದು ನಡೆದಿರುವುದು ಗುಬ್ಬಿಯ ಪಕ್ಕದ ತಾಲ್ಲೂಕಿನಲ್ಲಿ, ಅಲ್ವಾ?

ಈಗ ಸಾಲದ ಅರ್ಜಿ ಜೊತೆ ಮಷೀನಿನ ಕೊಟೇಶನ್ ಕೇಳುತ್ತಾರೆ. ಅದರಲ್ಲಿ ರೇಟು, ಜಿಎಸ್‌ಟಿ ಬಿಟ್ಟರೆ ಬೇರೆ ಏನೂ ಇರುವುದಿಲ್ಲ. ಅದೇ ಕಾಗದದಲ್ಲಿ ಇನ್ನೂ ಮೂರು ಸಾಲು ಬರೆಸಿ: ಯಾವ ಫೇಸ್ ಬೇಕು, ಆ ಜಾಗದಲ್ಲಿ ಅದು ಎಷ್ಟು ಹೊತ್ತಿಗೆ ಇರುತ್ತದೆ, ಕೆಟ್ಟರೆ ತಾಲ್ಲೂಕಿನೊಳಗೆ ರಿಪೇರಿ ಮಾಡುವವರು ಯಾರು. ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಸಬ್ಸಿಡಿಯಲ್ಲೇ ಸ್ವಲ್ಪ ತೆಗೆದಿಟ್ಟು ಊರಿನ ಇಬ್ಬರು ಐಟಿಐ ಹುಡುಗರಿಗೆ ಆ ಮಷೀನನ್ನು ಬಿಚ್ಚಿ ಜೋಡಿಸಲು ಕಲಿಸಲಿ.

ನಮ್ಮ ಹೈಡ್ರಾಲಿಕ್ ಮಷೀನು ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲ್ ಹೊದ್ದು ನಿಂತಿದೆ. ಅದರ ಕಂತು ಇನ್ನೂ ಹದಿನೆಂಟು ತಿಂಗಳು ಇದೆ.

ಇಂತಿ,
ಹಾಳೆ ತಟ್ಟೆ ಮಾಡುವವಳು,
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ