ನಾಣ್ಯಕ್ಕೆ ಇನ್ನೊಂದು ಮುಖ ಇಲ್ಲವೇ?

ಮಾನ್ಯ ಸಂಪಾದಕರೇ,

ರೋಮನ್ ನಾಣ್ಯ ಪ್ರದರ್ಶನದ ಬಗ್ಗೆ ನಿಮ್ಮ ಭಾನುವಾರದ ವರದಿ ನಂಬಿ, ಏಳನೇ ಕ್ಲಾಸಿನ ಮೊಮ್ಮಗನನ್ನು ಕರೆದುಕೊಂಡು ನಿನ್ನೆ ಹೋಗಿದ್ದೆ. ಫೋಟೊದಲ್ಲಿ ರಿಬ್ಬನ್ ಕತ್ತರಿಸುವವರೇ ತುಂಬಿದ್ದರು, ಒಂದು ನಾಣ್ಯವೂ ಕಂಡಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಎರಡು ಬಸ್ ಬದಲಿಸಿ, ಮಳೆಯಲ್ಲಿ ನೆನೆದು ಹತ್ತೂವರೆಗೆ ತಲುಪಿದರೆ ಬಾಗಿಲಿಗೆ ಬೀಗ. ಕೀಲಿ ಇಟ್ಟುಕೊಂಡವರು ಕಾಫಿಗೆ ಹೋಗಿದ್ದರು. ಬಂದದ್ದು ಹನ್ನೆರಡಕ್ಕೆ. ಒಳಗೆ ದೀಪ ಉರಿಯುತ್ತಿಲ್ಲ. ಮೊಬೈಲ್ ಟಾರ್ಚ್ ಹಾಕಿದರೆ 'ಫೋಟೊ ತೆಗೀಬಾರ್ದು' ಅಂತ ಗದರಿಕೆ ಬೇರೆ.

ನಾಣ್ಯಗಳನ್ನೆಲ್ಲ ರಾಜನ ತಲೆಯಿರುವ ಮುಖವೇ ಮೇಲೆ ಬರುವಂತೆ ಜೋಡಿಸಿದ್ದಾರೆ. ಚೀಟಿಯಲ್ಲಿ 'ರೋಮನ್ ರಾಜ, ಬೆಳ್ಳಿ' ಅಂತ ಇದೆ, ಅಷ್ಟೇ. ಯಾವ ರಾಜ ಸ್ವಾಮಿ? ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯ ಮಗುಚಿದರೆ ರಾಜದಂಡ, ರೆಂಬೆ ಹಿಡಿದು ಕೂತ ಹೆಂಗಸು ಕಾಣುತ್ತಾಳೆ. ಅವನ ತಾಯಿ ಲಿವಿಯಾಳನ್ನೇ ಶಾಂತಿದೇವತೆಯಾಗಿ ಕೂರಿಸಿದ್ದು ಅಂತ ಬಹಳ ಜನ ಹೇಳುತ್ತಾರೆ. ನೋಡುವುದೇ ಅದನ್ನು ಅಲ್ವಾ?

ಒಂದು ನಾಣ್ಯ ಮಾತ್ರ ಕೈತಪ್ಪಿ ಮಗುಚಿಕೊಂಡಿತ್ತು. ಗುರಾಣಿ, ಈಟಿ ಹಿಡಿದು ನಿಂತ ಇಬ್ಬರು ಹುಡುಗರು. ಮೊಮ್ಮಗ ಯಾರು ಅಂತ ಕೇಳಿದ. ಕೀಲಿಯವರು 'ವಾಚ್‌ಮನ್‌ಗಳಿರಬೇಕು' ಎಂದರು! ಅವರು ಗಾಯಸ್, ಲೂಸಿಯಸ್. ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ದತ್ತು ತೆಗೆದುಕೊಂಡ ಮೊಮ್ಮಕ್ಕಳು. ನನ್ನ ನಂತರ ಇವರೇ ಅಂತ ಊರೂರಿಗೆ ಸಾರಲು ಹಾಕಿಸಿದ ಅಚ್ಚು ಅದು. ಇಬ್ಬರೂ ಅವನಿಗಿಂತ ಮೊದಲೇ ಸತ್ತರು, ಪಾಪ. ಮೇಲ್ಗಡೆ ಕಾಣುವ ಸೌಟು, ಡೊಂಕು ಕೋಲು ಪುರೋಹಿತರ ಸಾಮಾನು. ಇಷ್ಟನ್ನು ಬರೆಯಲು ಚೀಟಿಯಲ್ಲಿ ಜಾಗವಿಲ್ಲ. ಹೊರಗಿನ ಫ್ಲೆಕ್ಸ್‌ನಲ್ಲಿ ಹನ್ನೊಂದು ಮುಖಗಳಿಗೆ ಮಾತ್ರ ಜಾಗವಿದೆ!

ಅಧಿಕಾರಿಗಳ ಈ ಕತೆ ಇವತ್ತಿನದಲ್ಲ. 1891ರಲ್ಲಿ ನಮ್ಮ ಯಶವಂತಪುರದ ನೆಲದಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದವು. ಅದಕ್ಕೊಂದು ಬೋರ್ಡ್ ಹಾಕಿ ಅಂತ ಮೂರು ಅರ್ಜಿ ಕೊಟ್ಟೆ. 'ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ' ಎಂಬ ಹಿಂಬರಹ ಬಂತು. ಆ ಸಂಬಂಧಪಟ್ಟವರು ಇನ್ನೂ ಹುಟ್ಟಿಲ್ಲವೇನೋ. ಆಗ ಅಗೆದರೆ ಬೆಳ್ಳಿ ಸಿಕ್ಕಿತು. ಈಗ ನಮ್ಮ ಅಡ್ಡರಸ್ತೆಯನ್ನು ವರ್ಷಕ್ಕೆ ನಾಲ್ಕು ಸಲ ಅಗೆಯುತ್ತಾರೆ, ಒಡೆದ ನೀರಿನ ಪೈಪು ಬಿಟ್ಟು ಬೇರೇನೂ ಸಿಗುವುದಿಲ್ಲ.

ದಯವಿಟ್ಟು ಅರ್ಧ ನಾಣ್ಯಗಳನ್ನಾದರೂ ಮಗುಚಿ ಇಡಲಿ. ಇಲ್ಲವೇ ಕೆಳಗೊಂದು ಕನ್ನಡಿ ಇಡಲಿ. ಅದೂ ಆಗದಿದ್ದರೆ ಒಂದು ಬಲ್ಬಾದರೂ ಹಾಕಲಿ. ಯಾವುದೂ ಬೇಡವಾದರೆ ಸುಮ್ನೆ ಬೀಗ ಹಾಕಿಕೊಂಡು ಎಲ್ಲರೂ ಕಾಫಿಗೆ ಹೋಗಲಿ, ನಮ್ಮ ಬಸ್ ಚಾರ್ಜು ಉಳಿಯುತ್ತದೆ.

– ನೊಂದ ಓದುಗ, ಯಶವಂತಪುರ